ಗೇರ್‌ಬಾಕ್ಸ್ ಬದಲಿಸುವವರು ಯೋಕ್ ಕೊಳ್ಳುವ ಮುನ್ನ: ಮಾಡಬೇಕಾದ್ದು, ಮಾಡಬಾರದ್ದು

ಡೆಟ್ರಾಯಿಟ್ ಹೊರವಲಯದ ಈ ಗ್ಯಾರೇಜಿಗೆ ಭಾನುವಾರ ಬಂದು ತಮ್ಮ ಹಳೆಯ ಕ್ಯಾಮಾರೋ, ಮಸ್ಟಾಂಗ್, ಡಾರ್ಟ್‌ಗಳ ಅಡಿಗೆ ಮಲಗುವ ಕನ್ನಡದ ಗೆಳೆಯರೆಲ್ಲರಿಗೂ ಈ ಸೂಚನೆ. ಗೇರ್‌ಬಾಕ್ಸ್ ಕಳಚುವ ಮೊದಲು ಓದಿ. ಓದದೆ ಪಾರ್ಟ್ಸ್ ತರಿಸಿದವರ ಗಾಡಿ ಇಲ್ಲಿ ವಾರಗಟ್ಟಲೆ ನಿಂತದ್ದನ್ನು ನೋಡಿದ್ದೇನೆ. ನನ್ನದೇ ಗಾಡಿಯೂ ನಿಂತಿತ್ತು.

ಗೇರ್‌ಬಾಕ್ಸಿನ ಬಾಲದಿಂದ ಹೊರಬರುವ ಔಟ್‌ಪುಟ್ ಶಾಫ್ಟಿಗೂ ಹಿಂದಿನ ಆಕ್ಸಲ್ ಹೌಸಿಂಗಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿಗೂ ನಡುವೆ ಇರುವ ತುಂಡೇ ಯೋಕ್. ಒಂದು ತುದಿಯಲ್ಲಿ ಗೇರ್‌ಬಾಕ್ಸಿನ ಸ್ಪ್ಲೈನ್ ಹಲ್ಲಿಗೆ ಕಚ್ಚಿಕೊಳ್ಳಬೇಕು, ಇನ್ನೊಂದು ತುದಿಯಲ್ಲಿ ಯೂನಿವರ್ಸಲ್ ಜಾಯಿಂಟಿನ ಕ್ರಾಸನ್ನು ಹಿಡಿಯಬೇಕು, ನಡುವಿನ ಬ್ಯಾರೆಲ್ ಆಯಿಲ್ ಸೀಲಿನೊಳಗೆ ಹಿಂದೆಮುಂದೆ ಜಾರುತ್ತ ಎಣ್ಣೆ ಸೋರದಂತೆ ಕಾಯಬೇಕು. ಗೇರ್‌ಬಾಕ್ಸ್ ಬೇರೆ, ಶಾಫ್ಟ್ ಬೇರೆ ಆದಾಗ ಈ ಮೂರೂ ಕೆಲಸ ಒಂದೇ ತುಂಡಿನ ಮೇಲೆ ಬೀಳುತ್ತದೆ. ಆದ್ದರಿಂದ ಯೋಕ್ ಆರಿಸುವುದು ಕೊನೆಯ ಕೆಲಸ. ಗೇರ್‌ಬಾಕ್ಸ್ ತನ್ನ ಜಾಗದಲ್ಲಿ ಕೂತು, ಮೌಂಟಿನ ಬೋಲ್ಟ್ ಬಿಗಿದು, ಗಾಡಿ ತನ್ನ ನಾಲ್ಕು ಚಕ್ರದ ಮೇಲೆ ನಿಂತ ಮೇಲೆ ಆರಿಸಿ.

ಗಾಡಿಯ ಹೆಸರು ಹೇಳಿ ಯೋಕ್ ಕೇಳಬೇಡಿ.

ಅಂಗಡಿಯ ಕೌಂಟರಿನಲ್ಲಿ "69ರ ಕ್ಯಾಮಾರೋ" ಅಂದರೆ ಅವನು 69ರ ಕ್ಯಾಮಾರೋಗೆ ಹುಟ್ಟಿನಿಂದ ಬಂದ ಯೋಕನ್ನೇ ಕೊಡುತ್ತಾನೆ. ಅದರಲ್ಲಿ ಅವನ ತಪ್ಪಿಲ್ಲ. ಆ ಗಾಡಿಯ ಟಿಎಚ್350 ತೆಗೆದು ಟ್ರೆಮೆಕ್ ಟಿಕೆಎಕ್ಸ್ ಕೂರಿಸಿದ್ದೀರಿ ಎನ್ನುವುದು ಅವನಿಗೆ ಗೊತ್ತಿಲ್ಲ. ಟಿಎಚ್350ಯ ಔಟ್‌ಪುಟ್ ಶಾಫ್ಟಿಗೆ 27 ಹಲ್ಲು. ಟಿಕೆಎಕ್ಸ್‌ಗೆ 31. ಆ 31 ಫೋರ್ಡಿನವರ ಸಿ6 ಆಟೊಮ್ಯಾಟಿಕ್‌ನ ಅಳತೆ. ಶೆವ್ರೊಲೆ ಇಂಜಿನ್ನಿಗೆ ಜೋಡಿಸಲೆಂದೇ ಮಾಡಿದ ಟಿಕೆಎಕ್ಸ್ ಆದರೂ ಬಾಲ ಫೋರ್ಡ್ ಅಳತೆಯದೇ. ಮುಂದೆ ಶೆವ್ರೊಲೆ, ಹಿಂದೆ ಶೆವ್ರೊಲೆ, ನಡುವೆ ಫೋರ್ಡ್ ಯೋಕ್ ಎಂದರೆ ನಂಬಲು ಮನಸ್ಸು ಒಪ್ಪುವುದಿಲ್ಲ. ಒಪ್ಪಿಕೊಳ್ಳಿ.

ಹಲ್ಲು ಎಣಿಸಿ. ಎರಡು ಸಲ ಎಣಿಸಿ.

ಒಂದು ಹಲ್ಲಿನ ತಲೆಗೆ ಚಾಕ್‌ಪೀಸಿನಲ್ಲೋ ಉಗುರುಬಣ್ಣದಲ್ಲೋ ಗುರುತು ಹಾಕಿ. ಅಲ್ಲಿಂದ ಹೊರಟು ಸಣ್ಣ ಸ್ಕ್ರೂಡ್ರೈವರಿನ ಮೊನೆಯನ್ನು ಒಂದೊಂದೇ ಸಂದಿಗೆ ಇಳಿಸುತ್ತ ಎಣಿಸಿ. ಎಣ್ಣೆ ಮೆತ್ತಿದ ಶಾಫ್ಟಿನ ಮೇಲೆ ಕಣ್ಣಂದಾಜಿನಲ್ಲಿ ಎಣಿಸಿದರೆ ಒಂದು ಹೆಚ್ಚೋ ಕಡಿಮೆಯೋ ಆಗಿಯೇ ತೀರುತ್ತದೆ. ಎಣಿಕೆ ಸರಿಯೇ ಎಂದು ನೋಡಲು ಒಂದು ಉಪಾಯವಿದೆ. ಗುರುತು ಹಾಕಿದ ಹಲ್ಲಿನ ನೇರ ಎದುರಿಗೆ ಇನ್ನೊಂದು ಹಲ್ಲೇ ಇದ್ದರೆ ಒಟ್ಟು ಸಮಸಂಖ್ಯೆ, ಎದುರಿಗೆ ಸಂದಿ ಇದ್ದರೆ ಬೆಸ. 27ಕ್ಕೂ 28ಕ್ಕೂ ಇರುವ ಜಗಳ ಇಷ್ಟರಲ್ಲೇ ಬಗೆಹರಿಯುತ್ತದೆ.

ಈ ಗ್ಯಾರೇಜಿಗೆ ಬರುವ ಗೇರ್‌ಬಾಕ್ಸುಗಳ ಲೆಕ್ಕ ಹೀಗಿದೆ. ಜನರಲ್ ಮೋಟಾರ್ಸ್‌ನ ಅಲ್ಯುಮಿನಿಯಂ ಪವರ್‌ಗ್ಲೈಡ್, ಟಿಎಚ್350, 700ಆರ್4, 4ಎಲ್60ಇ ಎಲ್ಲಕ್ಕೂ 27. 1993ರಿಂದ 2002ರವರೆಗಿನ ಕ್ಯಾಮಾರೋದಲ್ಲಿ ಬಂದ ಆರು ಗೇರಿನ ಟಿ56ಕ್ಕೂ 27. ಟಿಎಚ್400, 4ಎಲ್80ಇ ಎರಡಕ್ಕೂ 32. ಮನ್ಸಿ ನಾಲ್ಕು ಗೇರಿನದಾದರೆ ಎಚ್ಚರ: ಮೊದಲ ವರ್ಷಗಳವು 27, ಕೊನೆಯ ವರ್ಷಗಳವು 32. ಹೆಸರು ಒಂದೇ, ಬಾಲ ಎರಡು ಬಗೆ. ಫೋರ್ಡಿನ ಸಿ4, ಎಒಡಿ, ಮಸ್ಟಾಂಗಿನ ಟಿ5 ಇವುಗಳಿಗೆ 28, ಸಿ6ಕ್ಕೆ 31, ಟಾಪ್‌ಲೋಡರ್‌ನಲ್ಲಿ 28 ಹಲ್ಲಿನದೂ ಇದೆ, 31 ಹಲ್ಲಿನದೂ ಇದೆ. ಕ್ರೈಸ್ಲರ್‌ನ 904ಕ್ಕೆ 26, 727ಕ್ಕೆ 30. ಟ್ರೆಮೆಕ್‌ನ ಟಿಕೆಒ, ಟಿಕೆಎಕ್ಸ್ ಮತ್ತು ಬಿಡಿಯಾಗಿ ಮಾರುವ ಮ್ಯಾಗ್ನಮ್ ಮೂರಕ್ಕೂ 31. ಇಷ್ಟು ಬರೆದುಕೊಟ್ಟಿದ್ದೇನೆಂದು ಎಣಿಸುವುದನ್ನು ಬಿಡಬೇಡಿ. ಐವತ್ತು ವರ್ಷದಲ್ಲಿ ನಿಮ್ಮ ಗೇರ್‌ಬಾಕ್ಸನ್ನು ಎಷ್ಟು ಜನ ಬಿಚ್ಚಿ ಯಾವ ಶಾಫ್ಟ್ ಹಾಕಿದ್ದಾರೋ ಯಾರು ಬಲ್ಲರು.

ಸೀಲಿಗೆ ಹೊಂದಿತು ಎಂದು ಯೋಕ್ ಸರಿಯೆಂದು ತೀರ್ಮಾನಿಸಬೇಡಿ.

ಜಿಎಂನ 27 ಹಲ್ಲಿನ ಯೋಕಿನ ಬ್ಯಾರೆಲ್ ಸುಮಾರು 1.5 ಇಂಚು, ಅಂದರೆ 38 ಮಿ.ಮೀ. ಫೋರ್ಡಿನ 28 ಹಲ್ಲಿನದೂ ಸರಿಸುಮಾರು ಅಷ್ಟೇ. ಫೋರ್ಡಿನದನ್ನು ಜಿಎಂ ಗೇರ್‌ಬಾಕ್ಸಿನ ಸೀಲಿನೊಳಗೆ ತೂರಿಸಿದರೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ, ಒಳಗೆ ಹಲ್ಲು ಎದುರಾದ ಕೂಡಲೇ ನಿಂತುಬಿಡುತ್ತದೆ. ಅಲ್ಲಿಗೆ ಒಬ್ಬ ರಬ್ಬರ್ ಸುತ್ತಿಗೆ ಹುಡುಕುತ್ತಾನೆ. ಸುತ್ತಿಗೆ ಮುಟ್ಟಕೂಡದು. ಸರಿಯಾದ ಯೋಕ್ ಕೈಯಿಂದಲೇ ಒಳಹೋಗಬೇಕು, ಕೈಯಿಂದಲೇ ಹೊರಬರಬೇಕು.

31 ಹಲ್ಲಿನ ಸಿ6 ಅಳತೆಯ ಬ್ಯಾರೆಲ್ ಸುಮಾರು 1.69 ಇಂಚು. ಟಿಎಚ್400ರ 32 ಹಲ್ಲಿನದು ಇನ್ನೂ ದಪ್ಪ, 1.885 ಇಂಚು. ವರ್ನಿಯರ್ ಇಲ್ಲದೆ ಟೇಪಿನಲ್ಲಿ ಇದನ್ನು ಅಳೆಯಲು ಹೋಗಬೇಡಿ.

ಕ್ರಾಸಿನ ಎರಡು ಅಳತೆಯನ್ನೂ ತೆಗೆದುಕೊಳ್ಳಿ. ಒಂದೇ ಅಳತೆ ಸಾಲದು.

ಹೆಚ್ಚಿನವರು ಎಡವುವುದು ಇಲ್ಲಿಯೇ. ಕ್ರಾಸಿನ ಕಪ್ ಎಷ್ಟು ದಪ್ಪ, ಒಂದು ಕಪ್ಪಿನ ತುದಿಯಿಂದ ಎದುರು ಕಪ್ಪಿನ ತುದಿಗೆ ಎಷ್ಟು ಅಗಲ, ಎರಡೂ ಬೇಕು. 1310 ಎಂಬ ಸೀರೀಸಿಗೆ ಕಪ್ 27 ಮಿ.ಮೀ., ಅಗಲ 81.8 ಮಿ.ಮೀ. 1330ಕ್ಕೆ ಕಪ್ ಅದೇ 27, ಅಗಲ ಮಾತ್ರ 92.1. 1350ಕ್ಕೆ ಅಗಲ ಅದೇ 92.1, ಕಪ್ ಮಾತ್ರ 30.2. ಕಪ್ಪಿನ ದಪ್ಪ ಒಂದನ್ನೇ ನೋಡಿದವನು 1310ನ್ನೂ 1330ನ್ನೂ ಒಂದೇ ಎಂದುಕೊಳ್ಳುತ್ತಾನೆ. ಅಗಲ ಒಂದನ್ನೇ ನೋಡಿದವನು 1330ನ್ನೂ 1350ನ್ನೂ ಒಂದೇ ಎಂದುಕೊಳ್ಳುತ್ತಾನೆ. ಜಿಎಂನ ಹಳೆಯ ಶಾಫ್ಟುಗಳಲ್ಲಿ ಸರ್ಕ್ಲಿಪ್ ಹೊರಗಿರುವುದಿಲ್ಲ, ಕಪ್ ಕೂರುವ ಯೋಕಿನ ಕಿವಿಯ ಒಳಮೈಯಲ್ಲಿರುತ್ತದೆ. ಅಂಥದ್ದಕ್ಕೆ 3ಆರ್ ಎಂಬ ಬೇರೆಯೇ ಸೀರೀಸ್ ಇದೆ, ಅದರ ಕಪ್ 28.6 ಮಿ.ಮೀ. ಕೆಲವು ಶಾಫ್ಟುಗಳಲ್ಲಿ ಕ್ಲಿಪ್ಪೇ ಇಲ್ಲ. ಕಾರ್ಖಾನೆಯಲ್ಲೇ ಕಪ್ಪಿನ ಸುತ್ತ ಪ್ಲಾಸ್ಟಿಕ್ ಕರಗಿಸಿ ತುಂಬಿರುತ್ತಾರೆ. ಅದನ್ನು ಬಿಸಿ ಮಾಡಿ ಕರಗಿಸದೆ ಪ್ರೆಸ್ಸಿನಲ್ಲಿ ಒತ್ತಿದರೆ ಕಿವಿ ಬಾಗುತ್ತದೆ.

1310, 1330, 1350 ಎಂಬ ನಂಬರುಗಳು ಸ್ಪೈಸರ್ ಕಂಪನಿಯವು. ಕ್ಲಾರೆನ್ಸ್ ಸ್ಪೈಸರ್ ಎಂಬಾತ ಯೂನಿವರ್ಸಲ್ ಜಾಯಿಂಟಿನ ಪೇಟೆಂಟ್ ಪಡೆದದ್ದು 1903ರಲ್ಲಿ. ಮರುವರ್ಷ ನ್ಯೂಜೆರ್ಸಿಯ ಪ್ಲೇನ್‌ಫೀಲ್ಡಿನಲ್ಲಿ ಅದನ್ನು ಮಾಡಿ ಮಾರಲು ತೊಡಗಿದ. ಆಗಿನ ಎಷ್ಟೋ ಕಾರುಗಳು ಸೈಕಲ್ಲಿನ ಹಾಗೆ ಚೈನಿನಲ್ಲಿ ಓಡುತ್ತಿದ್ದವು. ಕಂಪನಿ ಮುಂದೆ ಡಾನಾ ಆಯಿತು. ಹೆಸರು ಬದಲಾದರೂ ಕ್ರಾಸಿನ ಡಬ್ಬಿಯ ಮೇಲೆ ಇಂದಿಗೂ ಸ್ಪೈಸರ್ ಎಂದೇ ಅಚ್ಚಾಗಿರುತ್ತದೆ.

ಹೊಸ ಯೋಕ್ 1330, ಹಳೆಯ ಶಾಫ್ಟ್ 1310 ಆದರೆ ಎರಡೂ ಅಳತೆ ಬೆರೆತ ಕಾಂಬಿನೇಷನ್ ಕ್ರಾಸ್ ಸಿಗುತ್ತದೆ. ಮನೆಯಿಂದ ಆಫೀಸಿಗೆ ಓಡಿಸುವ ಗಾಡಿಗೆ ಧಾರಾಳವಾಗಿ ಹಾಕಿ. ಆದರೆ ಅದರ ಬಲ ಚಿಕ್ಕ ಅಳತೆಯ ಬಲವೇ. ದೊಡ್ಡ ಇಂಜಿನ್, ಗಟ್ಟಿ ಕ್ಲಚ್, ಅಂಟುವ ಟೈರು ಮೂರೂ ಇರುವ ಗಾಡಿಗೆ ಹಾಕಕೂಡದು. ಅಂಥ ಗಾಡಿಗೆ ಶಾಫ್ಟನ್ನೇ ಹೊಸದಾಗಿ, ಎರಡೂ ತುದಿ 1350 ಇಟ್ಟು ಮಾಡಿಸಿ.

ಜಾರುವ ಯೋಕೋ, ಬಿಗಿದ ಯೋಕೋ ಮೊದಲೇ ನೋಡಿಕೊಳ್ಳಿ.

ಸಕಲೇಶಪುರದ ಕಡೆಯ ತೋಟಗಳಲ್ಲಿ ಓಡುತ್ತಿದ್ದ ಹಳೆಯ ಮಹೀಂದ್ರ ಜೀಪನ್ನು ನೆನಪಿಸಿಕೊಳ್ಳಿ. ಅದರ ಟ್ರಾನ್ಸ್‌ಫರ್ ಕೇಸಿನ ಯೋಕ್ ನಟ್ಟಿನಲ್ಲಿ ಬಿಗಿದಿರುತ್ತದೆ, ಜಾಗ ಬಿಟ್ಟು ಕದಲುವುದಿಲ್ಲ. ಜಾರುವ ಹಲ್ಲು ಶಾಫ್ಟಿನ ಮೈಯಲ್ಲೇ ಇರುತ್ತದೆ, ಅದಕ್ಕೊಂದು ಗ್ರೀಸ್ ನಿಪ್ಪಲ್. ನಾನು ಕೆಲಸ ಕಲಿತದ್ದು ಅಂಥ ಜೀಪಿನಡಿ, ಗ್ರೀಸ್ ಗನ್ ಹಿಡಿದು. ಇಲ್ಲಿಗೆ ಬಂದು ಕ್ಯಾಮಾರೋದ ಅಡಿಗೆ ಹೋದಾಗ ಶಾಫ್ಟಿನಲ್ಲಿ ನಿಪ್ಪಲ್ ಹುಡುಕಿದ್ದೇ ಹುಡುಕಿದ್ದು. ಈ ಗಾಡಿಗಳಲ್ಲಿ ಯೋಕೇ ಜಾರುತ್ತದೆ, ಗೇರ್‌ಬಾಕ್ಸಿನ ಎಣ್ಣೆಯೇ ಅದಕ್ಕೆ ಗ್ರೀಸು. 2010ರ ನಂತರದ ಕ್ಯಾಮಾರೋದ ಟಿಆರ್6060 ಇನ್ನೊಂದು ಬಗೆ: ಅದರ ಬಾಲದಲ್ಲಿ ಫ್ಲ್ಯಾಂಜ್, ಅದಕ್ಕೆ ರಬ್ಬರ್ ಕಪ್ಲಿಂಗ್. ಹರಾಜಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಅದನ್ನು ತಂದು ಸ್ಲಿಪ್ ಯೋಕ್ ಹುಡುಕಬೇಡಿ. ಫ್ಲ್ಯಾಂಜ್ ಇಟ್ಟುಕೊಂಡರೆ ಜಾರುವ ಭಾಗವಿರುವ ಶಾಫ್ಟನ್ನೇ ಮಾಡಿಸಬೇಕಾಗುತ್ತದೆ.

ಚಕ್ರ ತೂಗುಬಿಟ್ಟು ಉದ್ದ ಅಳೆಯಬೇಡಿ.

ಇದನ್ನು ಒತ್ತಿ ಹೇಳಲು ಕಾರಣ ನನ್ನದೇ 1969ರ ಕ್ಯಾಮಾರೋ. ಟಿಎಚ್350 ತೆಗೆದು 700ಆರ್4 ಹಾಕಿದೆ. ಎರಡಕ್ಕೂ 27 ಹಲ್ಲು, ಹಳೆಯ ಯೋಕೇ ಸಾಕು ಎಂದು ಹಿಗ್ಗಿದೆ. 700ಆರ್4 ಸುಮಾರು ಮೂರು ಇಂಚು ಉದ್ದ, ಆದ್ದರಿಂದ ಶಾಫ್ಟ್ ಕತ್ತರಿಸಬೇಕು. ಗಾಡಿಯ ಬಾಡಿಯನ್ನು ಜ್ಯಾಕ್ ಸ್ಟ್ಯಾಂಡಿನ ಮೇಲೆ ಎತ್ತಿ, ಹಿಂದಿನ ಹೌಸಿಂಗ್ ಸ್ಪ್ರಿಂಗ್‌ನಲ್ಲಿ ತೂಗುತ್ತಿರುವಾಗಲೇ ಟೇಪ್ ಹಿಡಿದೆ. ಅಳತೆ ಬರೆದುಕೊಟ್ಟೆ, ಶಾಫ್ಟ್ ಅಂಗಡಿಯವರು ನಾನು ಬರೆದಷ್ಟೇ ಕತ್ತರಿಸಿ, ಬೆಸುಗೆ ಹಾಕಿ, ಬ್ಯಾಲೆನ್ಸ್ ಮಾಡಿಕೊಟ್ಟರು. ಹೌಸಿಂಗ್ ಕೆಳಗೆ ತೂಗುವಾಗ ಅದರ ಪಿನಿಯನ್ನು ಗೇರ್‌ಬಾಕ್ಸಿನಿಂದ ದೂರ ಸರಿದಿರುತ್ತದೆ. ಗಾಡಿ ಇಳಿಸಿದೆ, ಹೌಸಿಂಗ್ ಮೇಲೆ ಬಂತು, ಯೋಕ್ ಒಳಗೆ ಹೋಯಿತು. 22 ಮಿ.ಮೀ. ಇರಬೇಕಾಗಿದ್ದ ಅಂತರ 8 ಮಿ.ಮೀ.ಗೆ ಇಳಿದಿತ್ತು. ನಾನು ನೋಡಲಿಲ್ಲ.

ಮೂರನೆಯ ದಿನ, ಹಿಂದಿನ ಸೀಟಿನಲ್ಲಿ ಇಬ್ಬರನ್ನು ಕೂರಿಸಿಕೊಂಡು ರೈಲು ಹಳಿ ದಾಟಿದೆ. ಕಾಲಡಿಯಿಂದ ಒನಕೆ ಕುಟ್ಟಿದಂಥ ಒಂದು ಸದ್ದು. ಮನೆಗೆ ಬಂದು ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ಕೆಂಪು ಎಣ್ಣೆಯ ಮಡು. ಯೋಕ್ ಎಳೆದು ಬೆಳಕಿಗೆ ಹಿಡಿದೆ. ಬ್ಯಾರೆಲ್ಲಿನ ಮೈಯಲ್ಲಿ ಸೀಲ್ ಉಜ್ಜಿದ ಹೊಳೆಯುವ ಪಟ್ಟಿ ಕಿವಿಯ ಬುಡದವರೆಗೂ ಬಂದಿತ್ತು. ಒಳಗೆ ಕೊನೆಯ ಮುಚ್ಚಳದ ಮೇಲೆ ಔಟ್‌ಪುಟ್ ಶಾಫ್ಟಿನ ಮೂತಿ ಗುದ್ದಿದ ಉಂಗುರದ ಗುರುತು, ಉಗುರಿಗೆ ಸಿಕ್ಕುವಷ್ಟು ಆಳ. ಟೇಲ್ ಹೌಸಿಂಗಿನ ಬುಷ್ ಬಿರಿದಿತ್ತು. ಯೋಕ್ ಸರಿಯಾದದ್ದೇ ಆಗಿದ್ದರೂ ಗೇರ್‌ಬಾಕ್ಸ್ ಕೆಳಗಿಳಿಸಬೇಕಾಯಿತು.

ಆದ್ದರಿಂದ ಗಾಡಿ ಚಕ್ರದ ಮೇಲೆ ನಿಂತಿರಲಿ, ಇಲ್ಲವೇ ಹೌಸಿಂಗಿನ ಅಡಿಗೇ ಸ್ಟ್ಯಾಂಡ್ ಕೊಟ್ಟು ಬಾಡಿಯ ಪೂರ್ತಿ ಭಾರ ಅದರ ಮೇಲೆ ಬೀಳುವಂತೆ ಮಾಡಿ. ಪೆಟ್ರೋಲ್ ಟ್ಯಾಂಕ್ ತುಂಬಿರಲಿ. ಹಿಂದಿನ ಸ್ಪ್ರಿಂಗ್ ಬದಲಿಸುವ ಯೋಚನೆ ಇದ್ದರೆ ಮೊದಲು ಅದನ್ನು ಬದಲಿಸಿ. ಯೋಕನ್ನು ಪೂರ್ತಿ ಒಳಗೆ ತಳ್ಳಿ, ಸೀಲಿನ ಅಂಚಿನಲ್ಲಿ ಬ್ಯಾರೆಲ್ಲಿಗೆ ಗೆರೆ ಎಳೆಯಿರಿ, ಆಮೇಲೆ ಮುಕ್ಕಾಲಿನಿಂದ ಒಂದು ಇಂಚು, ಅಂದರೆ 19ರಿಂದ 25 ಮಿ.ಮೀ., ಹೊರಗೆಳೆಯಿರಿ. ಯೋಕ್ ಅಲ್ಲೇ ನಿಂತಿರುವಾಗ ಅದರ ಕಪ್ಪಿನ ನಡುಮಧ್ಯದಿಂದ ಪಿನಿಯನ್ ಯೋಕಿನ ಕಪ್ಪಿನ ನಡುಮಧ್ಯಕ್ಕೆ ಇರುವುದೇ ಶಾಫ್ಟಿನ ಉದ್ದ. ಸೀಲಿನ ಮುಖದಿಂದ ಪಿನಿಯನ್ನಿಗೆ ಇರುವ ದೂರವನ್ನೂ ಬರೆದುಕೊಡಿ, ಅಂಗಡಿಯವರು ತಾಳೆ ನೋಡಿಕೊಳ್ಳುತ್ತಾರೆ. ಕೊನೆಗೊಮ್ಮೆ ಬಾಡಿ ಎತ್ತಿ, ಚಕ್ರ ತೂಗುಬಿಟ್ಟು, ಹಲ್ಲಿನ ಬಹುಪಾಲು ಇನ್ನೂ ಕಚ್ಚಿಕೊಂಡೇ ಇದೆಯೇ ನೋಡಿ. ತೂಗುಬಿಟ್ಟು ಮಾಡುವ ಪರೀಕ್ಷೆ ಇದೊಂದೇ.

ಗಿಡ್ಡವಾದ ಶಾಫ್ಟಿಗೆ ಉದ್ದ ಬ್ಯಾರೆಲ್ಲಿನ ಯೋಕ್ ಹಾಕಿ ಸರಿದೂಗಿಸಕೂಡದು. ಕಣ್ಣಿಗೆ ತುಂಬಿದಂತೆ ಕಂಡರೂ ಒಳಗೆ ಹಲ್ಲಿನ ಕಚ್ಚು ಸಾಲುವುದಿಲ್ಲ, ಯೋಕಿನ ತಲೆ ಅಲ್ಲಾಡಿ ಬುಷ್ಷನ್ನು ತಿನ್ನುತ್ತದೆ.

ಕೋನ ನೋಡದೆ ಉದ್ದ ಬರೆದುಕೊಡಬೇಡಿ.

ಕ್ರಾಸ್ ಓರೆಯಾಗಿ ತಿರುಗುವಾಗ ಹಿಂದಿನ ತುದಿ ಪ್ರತಿ ಸುತ್ತಿಗೆ ಎರಡು ಸಲ ಬೇಗ, ಎರಡು ಸಲ ನಿಧಾನ ಆಗುತ್ತದೆ. ಮೂರು ಡಿಗ್ರಿಯಲ್ಲಿ ಈ ಏರಿಳಿತ ನೂರಕ್ಕೆ 0.14ರಷ್ಟು, ಹತ್ತು ಡಿಗ್ರಿಗೆ ಹೋದರೆ ನೂರಕ್ಕೆ ಒಂದೂವರೆ. ಹಿಂದಿನ ಕ್ರಾಸ್ ಅಷ್ಟೇ ಕೋನದಲ್ಲಿದ್ದರೆ ಮುಂದಿನದರ ಏರಿಳಿತವನ್ನು ಅಳಿಸಿಹಾಕುತ್ತದೆ. ಅದಕ್ಕೇ ಎರಡೂ ಕೋನ ಒಂದು ಡಿಗ್ರಿಯೊಳಗೆ ಸಮ ಇರಬೇಕು, ಯಾವುದೂ ಮೂರು ದಾಟಬಾರದು, ಸೊನ್ನೆಯೂ ಆಗಬಾರದು. ಅರ್ಧ ಡಿಗ್ರಿಯಾದರೂ ಇದ್ದರೆ ಕಪ್ಪಿನೊಳಗಿನ ಸೂಜಿ ಬೇರಿಂಗುಗಳು ಹೊರಳುತ್ತವೆ. ಇಲ್ಲದಿದ್ದರೆ ನಿಂತಲ್ಲೇ ಕುಟ್ಟಿಸಿಕೊಂಡು ಗುಳಿ ಬೀಳಿಸುತ್ತವೆ. ಗೇರ್‌ಬಾಕ್ಸ್ ಮೌಂಟಿನಡಿ ಶಿಮ್ ಕೊಟ್ಟು ಕೋನ ಸರಿಮಾಡಬಹುದು. ಉದ್ದ ಅಳೆಯುವುದಕ್ಕೆ ಮೊದಲೇ ಮಾಡಿ. ಶಾಫ್ಟಿನ ಎರಡು ತುದಿಯ ಕಿವಿಗಳೂ ಒಂದೇ ನೇರಕ್ಕಿವೆಯೇ ಎಂದು ಅಂಗಡಿಯಲ್ಲೇ ನೋಡಿ ತನ್ನಿ.

ಹೊಸ ಗೇರ್‌ಬಾಕ್ಸ್ ಯೋಕಿನ ಮೇಲೆ ಹೇರುವ ಭಾರವನ್ನು ಲೆಕ್ಕ ಹಾಕಿ.

ಟಿಎಚ್350ಯ ಮೊದಲ ಗೇರ್ 2.52. ಟಿಕೆಎಕ್ಸ್‌ನದು 2.87 ಅಥವಾ 3.27. ಇಂಜಿನ್ನಿನ ತಿರುಚುಬಲ 400 ನ್ಯೂಟನ್ ಮೀಟರ್ ಇದ್ದರೆ 3.27ರಲ್ಲಿ ಯೋಕಿಗೆ ಬರುವುದು 1308. ಆಟೊಮ್ಯಾಟಿಕ್‌ನಲ್ಲಿ ಟಾರ್ಕ್ ಕನ್ವರ್ಟರ್ ಕೂಡ ಬಲ ಹೆಚ್ಚಿಸುತ್ತದೆ ನಿಜ, ಆದರೆ ಎಣ್ಣೆಯ ಮೂಲಕ ಮೆತ್ತಗೆ. ಕ್ಲಚ್ ಕಾಲು ತೆಗೆದ ಕ್ಷಣಕ್ಕೆ ಬಡಿಯುತ್ತದೆ. ಆಟೊಮ್ಯಾಟಿಕ್ ತೆಗೆದು ಮ್ಯಾನ್ಯುಯಲ್ ಹಾಕುವವರು ಹಳೆಯ ಎರಕದ ಯೋಕನ್ನೇ ನೆಚ್ಚಬೇಡಿ, ಫೋರ್ಜ್ ಮಾಡಿದ್ದನ್ನು ತೆಗೆದುಕೊಳ್ಳಿ. ಸೌಮ್ಯವಾಗಿ ಓಡಿಸುವವರಿಗೆ ಎರಕದ್ದು ಸಾಕು, ದುಡ್ಡು ಉಳಿಸಿ.

ವೇಗದ ಲೆಕ್ಕವೂ ಬದಲಾಗುತ್ತದೆ. ಟಿಎಚ್350ಯಲ್ಲಿ ಟಾಪ್ ಗೇರಿಗೆ ಇಂಜಿನ್ 3000 ಸುತ್ತಿದರೆ ಶಾಫ್ಟ್ ಕೂಡ 3000. ಟಿಕೆಎಕ್ಸ್‌ನ 0.68 ಓವರ್‌ಡ್ರೈವಿನಲ್ಲಿ ಅದೇ 3000ಕ್ಕೆ ಶಾಫ್ಟ್ 4400 ದಾಟುತ್ತದೆ. ಹಳೆಯ ಗೇರ್‌ಬಾಕ್ಸಿನ ಕಾಲಕ್ಕೆ ಬ್ಯಾಲೆನ್ಸ್ ಮಾಡಿದ್ದು ಇಲ್ಲಿ ಸಾಲದು. ಯೋಕ್ ಬದಲಾದರೆ ಶಾಫ್ಟನ್ನು ಆ ಯೋಕಿನ ಜೊತೆಗೇ ಮತ್ತೆ ಬ್ಯಾಲೆನ್ಸ್ ಮಾಡಿಸಲೇಬೇಕು.

ಗುಜರಿ ಯೋಕ್ ತಂದವರು ಒರೆಸಿ ನೋಡಿ.

ಬ್ಯಾರೆಲ್ಲಿನ ಮೇಲೆ ಉಗುರು ಉದ್ದಕ್ಕೆ ಎಳೆಯಿರಿ. ಎಲ್ಲಾದರೂ ತಡೆದರೆ ಆ ಯೋಕ್ ಬೇಡ. ಎಷ್ಟು ಹೊಸ ಸೀಲ್ ಹಾಕಿದರೂ ಸೋರುತ್ತದೆ. ಎಮರಿ ಕಾಗದದಲ್ಲಿ ಉಜ್ಜಿ ನುಣ್ಣಗೆ ಮಾಡಲು ಹೋಗಬೇಡಿ, ಬ್ಯಾರೆಲ್ ಸಣ್ಣದಾಗುತ್ತದೆ. ಒಳಗಿನ ಹಲ್ಲು ಒಂದೇ ಪಕ್ಕಕ್ಕೆ ಸವೆದು ಚೂಪಾಗಿದ್ದರೆ ಬೇಡ. ಕಪ್ ಕೂರುವ ತೂತು ಮೊಟ್ಟೆಯಾಕಾರ ಆಗಿದ್ದರೆ ಬೇಡ.

ಜೋಡಿಸುವಾಗ.

ಕೆಲವು ಯೋಕುಗಳ ಕೊನೆಯ ಮುಚ್ಚಳದಲ್ಲಿ ಸೂಜಿತೂತು ಇರುತ್ತದೆ. ಯೋಕ್ ಒಳಸರಿದಾಗ ಸಿಕ್ಕಿಬಿದ್ದ ಗಾಳಿ ಹೊರಹೋಗುವ ದಾರಿ ಅದು. ಎಣ್ಣೆ ಜಿನುಗಿತೆಂದು ಅದಕ್ಕೆ ಬೆಸುಗೆ ಹಾಕಬೇಡಿ. ಹಲ್ಲಿಗೆ ಗಟ್ಟಿ ಗ್ರೀಸ್ ಮೆತ್ತಬೇಡಿ. ಗೇರ್‌ಬಾಕ್ಸಿನದೇ ಎಣ್ಣೆಯನ್ನು ಬ್ಯಾರೆಲ್ಲಿಗೂ ಸೀಲಿನ ತುಟಿಗೂ ಬೆರಳಲ್ಲಿ ಸವರಿ. ಹಿಂದಿನ ಯು ಬೋಲ್ಟನ್ನು ಇಂಪ್ಯಾಕ್ಟ್ ಗನ್ನಿನಲ್ಲಿ ಬಿಗಿಯಕೂಡದು, ಕಪ್ ಚಪ್ಪಟೆಯಾಗಿ ಸೂಜಿ ಬೇರಿಂಗ್ ಹಿಡಿದುಕೊಳ್ಳುತ್ತದೆ. ಟಾರ್ಕ್ ರೆಂಚ್ ಗೋಡೆಯ ಮೇಲಿದೆ, ತೆಗೆದುಕೊಳ್ಳಿ.

ಡ್ರ್ಯಾಗ್ ಸ್ಟ್ರಿಪ್ಪಿಗೆ ಹೋಗುವ ಗಾಡಿಗೆ ಮುಂದಿನ ಕ್ರಾಸಿನಿಂದ ಆರು ಇಂಚಿನೊಳಗೆ ಶಾಫ್ಟಿನ ಸುತ್ತ ಉಕ್ಕಿನ ಬಳೆ ಇರಲಿ. ಡ್ರ್ಯಾಗ್ ರೇಸಿನ ಸಂಸ್ಥೆಯಾದ ಎನ್‌ಎಚ್‌ಆರ್‌ಎ ನಿಯಮದಂತೆ ಕಾಲು ಇಂಚು ದಪ್ಪ, ಎರಡು ಇಂಚು ಅಗಲದ ಪಟ್ಟಿ. ಮುಂದಿನ ಕ್ರಾಸ್ ಮುರಿದರೆ ಶಾಫ್ಟಿನ ಮೂತಿ ರಸ್ತೆಗೆ ಊರುತ್ತದೆ, ಹಿಂದಿನಿಂದ ಬರುವ ವೇಗಕ್ಕೆ ಗಾಡಿ ಅದರ ಮೇಲೆ ಏಳುತ್ತದೆ. ರಸ್ತೆಯಲ್ಲಿ ಮಾತ್ರ ಓಡಿಸುವವರೂ ಹಾಕಿಸಿಕೊಳ್ಳಿ. ಈ ಗ್ಯಾರೇಜಿನಿಂದ ಹೊರಡುವ ಯಾವ ಗಾಡಿಯೂ ಬಳೆಯಿಲ್ಲದೆ ಹೋಗುವುದು ನನಗೆ ಇಷ್ಟವಿಲ್ಲ.

ಮೊದಲ ನೂರು ಮೈಲಿ ಆದಮೇಲೆ ಮತ್ತೆ ಇಲ್ಲಿಗೆ ಬನ್ನಿ. ಬೋಲ್ಟಿನ ಬಿಗಿ ನೋಡೋಣ, ಬ್ಯಾರೆಲ್ಲಿನ ಹೊಳಪಿನ ಪಟ್ಟಿ ಎಲ್ಲಿಂದ ಎಲ್ಲಿಗೆ ಬಂದಿದೆ ನೋಡೋಣ. ಪಟ್ಟಿ ಕಿವಿಯ ಬುಡ ಮುಟ್ಟಿದ್ದರೆ ಅವತ್ತೇ ಶಾಫ್ಟ್ ಇಳಿಸಬೇಕು.

ತೆಗೆದ ಹಳೆಯ ಯೋಕನ್ನು ಎಸೆಯಬೇಡಿ. ಗೇರ್‌ಬಾಕ್ಸ್ ಎತ್ತಿಳಿಸುವಾಗ ಬಾಲದಿಂದ ಎಣ್ಣೆ ಸುರಿಯದಂತೆ ಬಿರಡೆಯಾಗಿ ತುರುಕಲು ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಹಲ್ಲೆಷ್ಟು, ಕ್ರಾಸ್ ಯಾವುದು ಎಂದು ಚೀಟಿ ಕಟ್ಟಿ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿ. ಈಗ ಅಲ್ಲಿ 27ರದು ಎರಡು, 28ರದು ಒಂದು ಇವೆ. 31ರದು ಯಾರಾದರೂ ತಂದರೆ ಬೇಕು.